ಮೇಯರಮ್ಮ ಮರೆತ ಐದು ವರ್ಷ

ಎಚ್ಚರವಾದ ಕೂಡಲೇ ನೀಲಾಂಬಿಕೆ ಕೇಳಿದ್ದು, "ಮತದಾನ ಮುಗೀತಾ?" ಎಂದು.

ಮಂಚದ ಪಕ್ಕದಲ್ಲಿ ಕೂತಿದ್ದ ನರವಿಜ್ಞಾನಿ ಡಾ. ಫರ್ಹಾನಾ ಸವಣೂರ ತಲೆಯೆತ್ತಿದಳು. "ಯಾವ ಮತದಾನ ಮೇಡಂ?"

"ಇನ್ಯಾವುದು, ಮೇಯರ್ ಚುನಾವಣೆದು. ನಿನ್ನೆ ಸಂಜೆ ಭಟ್ಟಿ ಓಣಿಯಲ್ಲಿ ಕೊನೇ ಸಭೆ ಮುಗಿಸಿ ಮನೆಗೆ ಹೋದೆ. ಗಂಟಲು ಕಟ್ಟಿತ್ತು. ನಮ್ಮವ್ವ ಕಷಾಯ ಮಾಡಿಕೊಟ್ಟಳು."

"ಆ ಚುನಾವಣೆ ಆಗಿ ಐದು ವರ್ಷವಾಯಿತು. ನೀವು ಗೆದ್ದು ಮೇಯರ್ ಆದಿರಿ. ಈಗ ಎರಡನೇ ಸಲ ನಿಂತಿದ್ದೀರಿ."

ರಾಜಕೀಯಕ್ಕೆ ಬರುವ ಮುಂಚೆ ನೀಲಾಂಬಿಕೆ ಇದೇ ಮದಗನೂರಿನ ಪಶು ಆಸ್ಪತ್ರೆಯಲ್ಲಿ ವೈದ್ಯೆಯಾಗಿದ್ದವಳು. ದನಕ್ಕೆ ನೀರಿನಂಶ ಕಡಿಮೆಯಾಗಿದೆಯೇ ಎಂದು ನೋಡುವಂತೆ ತನ್ನ ಕೈಯ ಮೇಲಿನ ಚರ್ಮವನ್ನೇ ಚಿವುಟಿ, ಎಳೆದು, ಬಿಟ್ಟಳು. ಅದು ಸಾವಕಾಶವಾಗಿ ಕೆಳಗಿಳಿಯಿತು.

"ಐದು ವರ್ಷ ಅನ್ನೋದು ನಿಜ ಇರಬೇಕು," ಅಂದಳು. "ನಿನ್ನೆ ಈ ಕೈ ಹೀಗಿರಲಿಲ್ಲ."

ಮೇಯರನ್ನು ಜನರೇ ನೇರವಾಗಿ ಆರಿಸುವ ಪದ್ಧತಿ ಬಂದ ಮೇಲೆ ಒಂದು ತೊಂದರೆ ಶುರುವಾಗಿತ್ತು. ಒಮ್ಮೆ ಗೆದ್ದವರು ಸೋಲುತ್ತಲೇ ಇರಲಿಲ್ಲ. ಯಾವ ವಾರ್ಡಿನ ಮುಖಂಡನಿಗೆ ಯಾವ ಭಯವಿದೆ, ಯಾವ ಕಡತವನ್ನು ಚುನಾವಣೆಯ ಹಿಂದಿನ ವಾರ ಹೊರಗೆ ತೆಗೆಯಬೇಕು ಎಂಬುದೆಲ್ಲ ಕುರ್ಚಿಯಲ್ಲಿ ಕೂತವರಿಗೆ ಗೊತ್ತಿರುತ್ತಿತ್ತು. ಸರ್ಕಾರಿ ಕಾರು, ಬಂಗಲೆ ಕಿತ್ತುಕೊಂಡರೂ ತಲೆಯೊಳಗಿನ ಈ ತಿಳುವಳಿಕೆಯನ್ನು ಕಿತ್ತುಕೊಳ್ಳುವವರು ಯಾರು? ಅದಕ್ಕೆಂದೇ ಬಂದದ್ದು ಸಮಾನ ಸ್ಪರ್ಧೆ ಕಾಯ್ದೆ. ಅಧಿಕಾರದಲ್ಲಿರುವವರು ಮತ್ತೆ ನಿಲ್ಲಬೇಕೆಂದರೆ ಪ್ರಚಾರದ ಮೂರು ವಾರ ಆ ಐದು ವರ್ಷದ ನೆನಪನ್ನು ಮುಚ್ಚಿಟ್ಟು ನಿಲ್ಲಬೇಕು.

ಅದು ಸಾಧ್ಯವಾದದ್ದು ಮೆದುಳಿನ ಒಂದು ಗುಣದಿಂದ. ಒಂದೇ ಕಾಲದಲ್ಲಿ ಹುಟ್ಟಿದ ನೆನಪುಗಳ ನರಕೋಶಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಫರ್ಹಾನಾಳ ತಂಡ ಆ ಹೆಣಿಗೆಯ ಕಾಲವನ್ನು ಓದುವುದನ್ನು ಕಂಡುಹಿಡಿದಿತ್ತು. ಒಂದು ಔಷಧಿ ಕೊಟ್ಟು, ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಹಾಯಿಸಿದರೆ ಬೇಕಾದ ವರ್ಷಗಳ ಕೋಶಗಳು ಮಂಪರಿಗೆ ಹೋಗುತ್ತವೆ. ನೆನಪು ಅಳಿಯುವುದಿಲ್ಲ, ಅಲ್ಲಿಗೆ ಹೋಗುವ ದಾರಿ ಮುಚ್ಚುತ್ತದೆ. ಇನ್ನೊಮ್ಮೆ ತರಂಗ ಹಾಯಿಸಿದರೆ ತೆರೆಯುತ್ತದೆ. ಜನ ಇದನ್ನು 'ತೆರೆ ಎಳೆಯೋದು' ಎನ್ನುತ್ತಿದ್ದರು.

"ನಿಮಗೆ ಕೆಲವು ಕಟ್ಟುಪಾಡು ಇವೆ," ಫರ್ಹಾನಾ ಹೇಳಿದಳು. "ಪೇಪರು, ಟೀವಿ, ಜನರ ಮಾತು, ಯಾವುದಕ್ಕೂ ಅಡ್ಡಿಯಿಲ್ಲ. ಕಚೇರಿಯವರ ಜೊತೆ ಮಾತ್ರ ಮಾತಾಡುವ ಹಾಗಿಲ್ಲ. ಮೂರು ವಾರ ಮುಗಿಯುವ ಮೊದಲೇ ತೆರೆ ಸರಿಸಬೇಕು ಅಂತ ನೀವು ಕೇಳಿದರೆ ಸರಿಸುತ್ತೇನೆ. ಆದರೆ ಆಗ ನೀವು ಅಭ್ಯರ್ಥಿಯಾಗಿ ಉಳಿಯುವುದಿಲ್ಲ."

"ಜನಕ್ಕೆ ನಾನು ಬೇಕಾ?"

"ನನ್ನನ್ನು ಕೇಳಬೇಡಿ. ಹೊರಗೆ ಹೋಗಿ ನೋಡಿ."

ಆಸ್ಪತ್ರೆಯ ಬಾಗಿಲಲ್ಲಿ ಹೂವಿನ ಹಾರ ಹಿಡಿದು ಜನ ನಿಂತಿದ್ದರು. ಅಪರಿಚಿತ ಹೆಂಗಸೊಬ್ಬಳು ಅವಳ ಕೆನ್ನೆ ಸವರಿ, "ನಮ್ಮನ್ನ ಮರೆತ್ರೂ ನಾವು ನಿಮ್ಮನ್ನ ಮರೆಯಲ್ಲ ಬಿಡ್ರಿ ಮೇಯರಮ್ಮ" ಎಂದಳು.

ಮನೆಯಲ್ಲಿ ಗಂಡ ಮರುಳಸಿದ್ಧ ಕಾಯುತ್ತಿದ್ದ. ಅವನು ಪ್ರೌಢಶಾಲೆಯ ಚಿತ್ರಕಲಾ ಮೇಷ್ಟ್ರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನ ಪಕ್ಕದಲ್ಲಿ ನೀಲಾಂಬಿಕೆಯಷ್ಟೇ ಎತ್ತರದ ಹುಡುಗಿ ನಿಂತಿದ್ದಳು. ಅವಳು ತನ್ನ ಮಗಳು ಇಂಚರ ಎಂದು ಹೊಳೆಯಲು ನೀಲಾಂಬಿಕೆಗೆ ಒಂದು ಕ್ಷಣ ಬೇಕಾಯಿತು. ಅವಳ ನೆನಪಿನ ಇಂಚರ ಇನ್ನೂ ಎರಡು ಜಡೆ ಹಾಕುತ್ತಿದ್ದಳು.

"ಅವ್ವ ಎಲ್ಲಿ?" ಎಂದು ಕೇಳುತ್ತ ನೀಲಾಂಬಿಕೆ ಅಡುಗೆಮನೆಗೆ ಇಣುಕಿದಳು.

ಮರುಳಸಿದ್ಧ ಅವಳನ್ನು ಕೂರಿಸಿದ. ಈ ಮಾತನ್ನು ಹೇಗೆ ಹೇಳಬೇಕೆಂದು ಅವನು ವಾರದಿಂದ ಯೋಚಿಸಿದ್ದ. ಕೊನೆಗೆ ನೇರವಾಗಿಯೇ ಹೇಳಿದ. "ಅವ್ವ ತೀರಿಕೊಂಡು ನಾಲ್ಕು ವರ್ಷದ ಮೇಲಾಯ್ತು ನೀಲಾ. ದಮ್ಮು ಜಾಸ್ತಿಯಾಗಿತ್ತು. ನೀನು ಪಕ್ಕದಲ್ಲೇ ಇದ್ದೆ."

ಅವಳು ಬಹಳ ಹೊತ್ತು ಅತ್ತಳು. ಇಂಚರ ಪಕ್ಕದಲ್ಲಿ ಕೂತು ಅಮ್ಮನ ಬೆನ್ನು ನೇವರಿಸಿದಳು. ಅಜ್ಜಿಗಾಗಿ ತಾನು ಅತ್ತು ಮುಗಿಸಿದ್ದ ದುಃಖ ಅಮ್ಮನಿಗೆ ಮಾತ್ರ ಹೊಸದಾಗಿ ಬಂದಿತ್ತು.

ಆದರೂ ಪ್ರಚಾರಕ್ಕೆ ಹೋಗಬೇಕಿತ್ತು. ಮೂರನೆಯ ದಿನ ನೀಲಾಂಬಿಕೆ ಹೊರಟಳು. ಹೋಗಿ ನೋಡಿದರೆ ಊರು ಬೇರೆಯೇ ಆಗಿತ್ತು. ಅವಳಿಗೆ ಗೊತ್ತಿದ್ದ ಕೆರೆ ಕಸ ಸುರಿಯುವ ಗುಂಡಿ. ಈಗ ಅದರಲ್ಲಿ ನೀರು ತುಂಬಿ, ದಡದಲ್ಲಿ ಬಾತುಗಳು ಓಡಾಡುತ್ತಿದ್ದವು. ನಲ್ಲಿ ತಿರುಗಿಸಿದರೆ ಯಾವ ಹೊತ್ತಿನಲ್ಲೂ ನೀರು. ಮಾರುಕಟ್ಟೆಯಲ್ಲಿ ತರಕಾರಿ ಮಾರುವವರಿಗೆ ನೆರಳಿನ ಸೂರು. ನೀಲಾಂಬಿಕೆ ಹೊಸ ಊರಿಗೆ ಬಂದ ನೆಂಟರಂತೆ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಇದನ್ನು ಯಾರು ಮಾಡಿಸಿದ್ದು? ನೀವೇ ಮೇಡಂ. ಇದನ್ನು? ಅದೂ ನೀವೇ. ಈ ಮೇಯರ್ ಎಂಬ ಹೆಂಗಸಿನ ಮೇಲೆ ಅವಳಿಗೆ ಮೆಚ್ಚುಗೆ ಹುಟ್ಟಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

"ಇಷ್ಟೆಲ್ಲ ನಾನು ಹೇಗೆ ಮಾಡಿದೆ?" ಎಂದು ಗಂಡನನ್ನು ಕೇಳಿದಳು.

"ನಿದ್ದೆ ಬಿಟ್ಟು," ಅಂದ ಅವನು.

ಎದುರಾಳಿಯಾಗಿ ನಿಂತಿದ್ದವರು ಓಂಕಾರಪ್ಪ ಎಂಬ ನಿವೃತ್ತ ಉಪನ್ಯಾಸಕರು. ಅವರೂ ತಮ್ಮ ಭಾಷಣಗಳನ್ನು ಮೇಯರಮ್ಮನನ್ನು ಹೊಗಳಿಯೇ ಶುರು ಮಾಡುತ್ತಿದ್ದರು. ಗೆದ್ದರೆ ಕೆರೆದಂಡೆಯ ಉದ್ಯಾನವನ್ನು ಇನ್ನಷ್ಟು ದೊಡ್ಡದು ಮಾಡುವುದಾಗಿ ಹೇಳುತ್ತಿದ್ದರು.

ನೀಲಾಂಬಿಕೆಗೆ ಒಂದು ಜಾಗ ಮಾತ್ರ ಸಿಗಲಿಲ್ಲ. ಅದು ಭಟ್ಟಿ ಓಣಿ. ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡುವ ಭಟ್ಟಿಗಳು ಕೆರೆಯ ಪಕ್ಕದಲ್ಲೇ ಸಾಲಾಗಿ ಇದ್ದವು. ಅಲ್ಲಿನ ಮಾಬೂಬಿಯ ಎಮ್ಮೆಗೆ ಕರು ಅಡ್ಡ ಸಿಕ್ಕಿದಾಗ ಮೊಣಕೈವರೆಗೆ ಕೈ ಹಾಕಿ ಉಳಿಸಿದ್ದು ನೀಲಾಂಬಿಕೆಯೇ. ಅವಳನ್ನು ಚುನಾವಣೆಗೆ ನಿಲ್ಲು ಎಂದು ಮೊದಲು ಹುರಿದುಂಬಿಸಿದವಳೂ ಮಾಬೂಬಿಯೇ. ನೀಲಾಂಬಿಕೆಯ ನೆನಪಿನ ಕೊನೆಯ ದಿನ, ಅಂದರೆ ಐದು ವರ್ಷದ ಹಿಂದೆ, ಅದೇ ಓಣಿಯಲ್ಲಿ ನಿಂತು ಅವಳು ಮಾತು ಕೊಟ್ಟಿದ್ದಳು: ನಾನು ಗೆದ್ದರೆ ಪ್ರತಿ ಭಟ್ಟಿಗೂ ಹೊಗೆ ಹೀರುವ ಚಿಮಣಿ ಹಾಕಿಸುತ್ತೇನೆ, ಭಟ್ಟಿಯೂ ಉಳಿಯಲಿ, ಊರಿನ ಉಸಿರೂ ಉಳಿಯಲಿ.

ಓಣಿಯಿದ್ದ ಜಾಗದಲ್ಲಿ ಈಗ ಆ ಉದ್ಯಾನವೇ ಇತ್ತು. ಜನ ಅಲ್ಲಿ ವಾಕಿಂಗ್ ಮಾಡುತ್ತಿದ್ದರು.

"ಇಲ್ಲಿದ್ದವರು ಎಲ್ಲಿ ಹೋದರು?" ಎಂದು ಕೇಳಿದಳು.

"ಎಲ್ಲೋ ಹೊರಗೆ ಜಾಗ ಕೊಟ್ರಲ್ಲ ಮೇಡಂ ನೀವು," ಎಂದರು ಒಬ್ಬರು. "ಪುಣ್ಯ ಕಟ್ಟಿಕೊಂಡ್ರಿ. ನಮ್ಮ ಮೊಮ್ಮಗನ ಕೆಮ್ಮು ನಿಂತೇ ಹೋಯ್ತು."

ಆ ಹೊರಗಿನ ಜಾಗ ಊರಿನಿಂದ ಬಹಳ ದೂರದ ಕಲ್ಲುಗುಡ್ಡದ ಆಚೆಗಿತ್ತು, ಮಹಾನಗರ ಪಾಲಿಕೆಯ ಗಡಿಯ ಹೊರಗೆ. ಅಲ್ಲಿ ಅವಳಿಗೆ ಒಂದೂ ಮತವಿರಲಿಲ್ಲ. ಪ್ರಚಾರದ ಹುಡುಗರು ಬೇಡವೆಂದರೂ ಕೇಳದೆ ಅವಳು ಮರುಳಸಿದ್ಧನ ಸ್ಕೂಟರಿನ ಹಿಂದೆ ಕೂತು ಹೋದಳು.

ಒಂದೇ ಅಳತೆಯ ಸಿಮೆಂಟ್ ಮನೆಗಳ ಸಾಲು. ನೀರಿನ ತೊಟ್ಟಿ ಒಣಗಿತ್ತು. ಭಟ್ಟಿಗಳಲ್ಲಿ ಎರಡು ಮಾತ್ರ ಉರಿಯುತ್ತಿದ್ದವು. ಮಾಬೂಬಿ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಅಕ್ಕಿ ಕೇರುತ್ತಿದ್ದಳು. ನೀಲಾಂಬಿಕೆಯನ್ನು ಕಂಡು ಮೊರ ಕೆಳಗಿಟ್ಟಳು, ಏಳಲಿಲ್ಲ.

"ನೆನಪು ಕಳಕೊಂಡು ಬಂದೀರಂತೆ. ಟೀವಿಯಾಗೆ ಹೇಳಿದ್ರು."

"ಹೌದು ಮಾಬಕ್ಕ."

"ಚಲೋ ಆತು ಬಿಡ್ರಿ. ನಮಗೂ ಮಾಡಿಸ್ರಿ ಅದನ್ನ."

ನೀಲಾಂಬಿಕೆ ಕಟ್ಟೆಯ ಕೆಳಗೆ ನೆಲದಲ್ಲೇ ಕೂತಳು. "ನನಗೆ ನಿಜವಾಗಿ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಮೊನ್ನೆ ಮೊನ್ನೆ ನಿಮ್ಮ ಓಣಿಯಲ್ಲಿ ಚಿಮಣಿ ಹಾಕಿಸ್ತೀನಿ ಅಂತ ಹೇಳಿದ್ದೆ. ಆಮೇಲೆ ಏನಾಯ್ತು ಅಂತ ನೀವೇ ಹೇಳಿ."

ಮಾಬೂಬಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ನಾಟಕವಲ್ಲ ಎಂದು ತಿಳಿದ ಮೇಲೆ ಹೇಳಿದಳು.

"ಚಿಮಣಿಗೆ ಆರ್ಡರ್ ಆಗಿತ್ತು. ಅಳತೆ ತಗಂಡು ಹೋಗಿದ್ರು. ದಸರಾ ಸೀಜನ್ನು, ನಾವು ಹಗಲೂ ರಾತ್ರಿ ಭಟ್ಟಿ ಹಚ್ಚಿದ್ವಿ. ಹಂಗಿರೋವಾಗ ಒಂದು ಸೋಮವಾರ ನೋಟೀಸ್ ಬಂತು, ಹದಿನೈದು ದಿನದಾಗೆ ಖಾಲಿ ಮಾಡ್ರಿ ಅಂತ. ನಾವು ನಿಮ್ಮ ಆಫೀಸಿಗೆ ಬಂದ್ವಿ. ನೀವು ಒಳಗಿದ್ರಿ, ಹೊರಗೆ ಬರಲಿಲ್ಲ. ನಾನು ಬಾಗಿಲಾಗೆ ಕೂತೆ, ಡಾಕ್ಟ್ರಮ್ಮ ನನ್ನ ನೋಡಿದ್ರೆ ಬಂದೇ ಬರ್ತಾರೆ ಅಂತ. ನೀವು ಹಿಂದಿನ ಬಾಗಿಲಾಗೆ ಹೋದ್ರಿ."

"ಯಾಕೆ?"

"ಅದನ್ನ ನಾನು ನಿಮ್ಮನ್ನ ಕೇಳಬೇಕು."

ಮಾಬೂಬಿ ಒಳಗೆ ಹೋಗಿ ನೀರು ತಂದುಕೊಟ್ಟಳು. ಇಲ್ಲಿಂದ ಪೇಟೆಗೆ ಮಂಡಕ್ಕಿ ಚೀಲ ಸಾಗಿಸುವುದರೊಳಗೆ ಅದು ಮೆತ್ತಗಾಗುತ್ತದೆ ಎಂದಳು. ಬಸ್ ಬಿಡುತ್ತೇವೆ ಅಂದಿದ್ದರು, ಬಂದಿಲ್ಲ. ಮಗ ಭಟ್ಟಿ ಬಿಟ್ಟು ಬೇರೆ ಊರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ. ಎಮ್ಮೆಯನ್ನು ಮಾರಿದ್ದಾಯಿತು.

ಹಿಂದಿರುಗುವಾಗ ನೀಲಾಂಬಿಕೆ ಅದರ ಕಾರಣವನ್ನು ಗಂಡನಲ್ಲಿ ಕೇಳಿದಳು. ಅವನು ಸ್ಕೂಟರ್ ನಿಲ್ಲಿಸಿ ಹೇಳಿದ, "ನನಗೂ ಹೇಳಲಿಲ್ಲ ನೀನು. ನಾನು ಒಮ್ಮೆ ಕೇಳಿದೆ. ಪಾಲಿಕೆಯ ಹೊಗೆಯ ವರದಿ ಓದು ಅಂತ ನೀನು ಅಂದೆ. ಆಮೇಲೆ ನಾನು ಕೇಳಲಿಲ್ಲ."

ಆ ವರದಿಯನ್ನು ಅವಳು ಗ್ರಂಥಾಲಯದಲ್ಲಿ ಹುಡುಕಿ ಓದಿದಳು. ಹೊಗೆಯಿಂದ ಕೆಡುಕಿದೆ ಎಂದಿತ್ತು, ಅದು ನಿಜವೇ. ಆದರೆ ಚಿಮಣಿ ಹಾಕಿದರೆ ಸಾಲದು ಎಂದು ಎಲ್ಲೂ ಇರಲಿಲ್ಲ.

ಮರುದಿನ ತಪಾಸಣೆಗೆ ಹೋದಾಗ ಫರ್ಹಾನಾಳ ಯಂತ್ರದ ಪರದೆಯ ಮೇಲೆ ಅವಳ ಮೆದುಳಿನ ಚಿತ್ರ ಮೂಡಿತ್ತು. ಮಂಪರಿನಲ್ಲಿದ್ದ ಭಾಗ ನೀಲಿಯಾಗಿ ಕಾಣುತ್ತಿತ್ತು.

"ಆ ನೀಲಿಯೊಳಗೆ ನನ್ನ ಕಾರಣ ಇದೆ," ಅಂದಳು ನೀಲಾಂಬಿಕೆ. "ಒಂದು ಬೆರಳು ಹಾಕಿ ಅದೊಂದನ್ನೇ ತೆಗೆಯೋಕೆ ಆಗೋದಿಲ್ವಾ?"

"ಆಗೋದಿಲ್ಲ. ತೆರೆದರೆ ಪೂರ್ತಿ ತೆರೆಯಬೇಕು. ತೆರೆಸಿಕೊಳ್ತೀರಾ?"

ನೀಲಾಂಬಿಕೆ ಯೋಚಿಸಿದಳು. ಆ ಮೇಯರ್ ಯಾಕೆ ಹಿಂದಿನ ಬಾಗಿಲಿನಿಂದ ಹೋದಳು ಎಂದು ತಿಳಿಯುವ ಆಸೆ ಹಸಿವಿನಂತೆ ಒಳಗೆ ಕೂತಿತ್ತು. ಆದರೆ ಅದರ ಹಿಂದೆಯೇ ಒಂದು ಅಳುಕು ಬಂತು.

"ಡಾಕ್ಟರೇ, ತೆರೆದ ಮೇಲೆ ನಾನು ಅವಳ ಮಾತು ಒಪ್ಪಿಬಿಡ್ತೀನಾ?"

"ಯಾರ ಮಾತು?"

"ಆ ಮೇಯರಮ್ಮನದು. ಈಗ ನನಗೆ ಮಾಬಕ್ಕನ ಒಣ ತೊಟ್ಟಿ ಕಾಣ್ತಿದೆ. ಕಾರಣ ಗೊತ್ತಾದ ಮೇಲೂ ಅದು ಹೀಗೇ ಕಾಣುತ್ತಾ?"

ಫರ್ಹಾನಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ನನಗೆ ಗೊತ್ತಿಲ್ಲ. ಈ ಮೂರು ವಾರದ ನೆನಪೂ ನಿಮ್ಮಲ್ಲಿ ಉಳಿಯುತ್ತದೆ. ಎರಡೂ ಎದುರುಬದುರು ಬಂದಾಗ ಯಾವುದು ಗೆಲ್ಲುತ್ತದೆ ಅಂತ ಯಾರೂ ನೋಡಿಲ್ಲ. ಇಷ್ಟರವರೆಗೆ ತೆರೆ ಎಳೆಸಿಕೊಂಡವರು ಯಾರೂ ತಮ್ಮದೇ ತಪ್ಪು ಹುಡುಕಿಕೊಂಡು ಹೋಗಲಿಲ್ಲ."

"ಹಾಗಾದರೆ ಬೇಡ. ಮೂರು ವಾರ ಮುಗೀಲಿ."

ಪ್ರಚಾರದ ಕೊನೆಯ ದಿನ ಪುರಭವನದಲ್ಲಿ ಇಬ್ಬರು ಅಭ್ಯರ್ಥಿಗಳ ಬಹಿರಂಗ ಚರ್ಚೆ ನಡೆಯಿತು. ಓಂಕಾರಪ್ಪನವರು ಉದ್ಯಾನದ ನಕ್ಷೆ ತೋರಿಸಿದರು, ಚಪ್ಪಾಳೆ ಬಿತ್ತು. ನೀಲಾಂಬಿಕೆ ಎದ್ದು ನಿಂತಾಗ ಅದಕ್ಕೂ ದೊಡ್ಡ ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೆ ಕಾದಳು.

"ಈ ಊರಿನ ಮೇಯರ್ ಮಾಡಿದ ಕೆಲಸ ನನಗೂ ಇಷ್ಟವಾಯ್ತು," ಎಂದು ಶುರು ಮಾಡಿದಳು. ಜನ ನಕ್ಕರು. "ಆದರೆ ಆಕೆ ಮಂಡಕ್ಕಿ ಭಟ್ಟಿಯವರಿಗೆ ಕೊಟ್ಟ ಮಾತು ಮುರಿದು, ಅವರನ್ನು ಗುಡ್ಡದಾಚೆ ಕಳಿಸಿದ್ದಾರೆ. ಯಾಕೆ ಅಂತ ನನಗೆ ಗೊತ್ತಿಲ್ಲ. ಮತದಾನ ಆದ ಮೇಲೆ ಗೊತ್ತಾಗುತ್ತೆ. ಆಗ ಅದೇ ಸರಿ ಅಂತ ನನಗೇ ಅನ್ನಿಸಬಹುದು. ಅದಕ್ಕೇ ಈಗಲೇ ಹೇಳ್ತಿದ್ದೀನಿ. ನಾನು ಗೆದ್ದರೆ ಉದ್ಯಾನದ ಒಂದು ಭಾಗ ಭಟ್ಟಿಯವರಿಗೆ ವಾಪಸ್ ಹೋಗುತ್ತೆ. ಚಿಮಣಿ ಹಾಕಿಸಿಯೇ ಕೊಡ್ತೀನಿ. ನಿಮಗೆ ಇದು ಬೇಡವಾದರೆ ನನಗೆ ಮತ ಹಾಕಬೇಡಿ."

ಈ ಸಲ ಚಪ್ಪಾಳೆ ಬೀಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಬಂದಾಗ ಇಂಚರ, "ಅಮ್ಮ, ಅರ್ಧ ಊರು ನಿನ್ನ ಕೈ ಬಿಡ್ತು" ಎಂದಳು.

"ಇನ್ನರ್ಧ ಇದೆಯಲ್ಲ, ನೋಡೋಣ."

ಮತದಾನ ಮುಗಿದ ಮರುದಿನ ಬೆಳಿಗ್ಗೆ ತೆರೆ ಸರಿಸಿದರು. ಶಬ್ದತರಂಗ ಹಾಯುವಾಗ ನೋವಾಗುವುದಿಲ್ಲ. ಆದರೂ ನೀಲಾಂಬಿಕೆಯ ಕಣ್ಣಿಂದ ನೀರು ಇಳಿಯುತ್ತಿತ್ತು. ಪರದೆಯ ನೀಲಿ ಒಂದೊಂದೇ ಕಡೆಯಿಂದ ಮಾಯವಾಗುವುದನ್ನು ಫರ್ಹಾನಾ ನೋಡುತ್ತಿದ್ದಳು.

"ಸಿಕ್ಕಿತು," ಎಂದಳು ನೀಲಾಂಬಿಕೆ, ಕೊನೆಗೆ.

ದಸರೆಯ ಆ ವಾರ ಭಟ್ಟಿಗಳೆಲ್ಲ ಒಟ್ಟಿಗೆ ಉರಿದಿದ್ದವು. ಗಾಳಿ ಓಣಿಯಿಂದ ಮನೆಯ ಕಡೆಗೆ ಬೀಸುತ್ತಿತ್ತು. ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿದರೂ ಹೊಗೆ ಬಂತು. ಅವ್ವ ಉಸಿರಿಗಾಗಿ ಬಾಯಿ ತೆರೆದು ಮಗಳ ಕೈ ಹಿಡಿದುಕೊಂಡಿದ್ದಳು. ಊರಿನ ದನಗಳನ್ನೆಲ್ಲ ಉಳಿಸಿದ ಕೈ ಅದು. ಗುರುವಾರ ಅವ್ವ ಹೋದಳು. ಸೋಮವಾರ ಮೇಯರ್ ತೆರವಿನ ಆದೇಶಕ್ಕೆ ಸಹಿ ಹಾಕಿದಳು. ವರದಿಯನ್ನು ಬರೆಸಿದ್ದು ಆಮೇಲೆ. ಬಾಗಿಲಲ್ಲಿ ಮಾಬೂಬಿ ಕೂತಿದ್ದಾಳೆ ಎಂದು ಗೊತ್ತಿತ್ತು. ಅವಳ ಸೀರೆಯಿಂದ ಬರುವ ಹೊಗೆಯ ವಾಸನೆ ತಡೆಯಲಾರೆ ಎನ್ನಿಸಿ ಹಿಂದಿನ ಬಾಗಿಲಿಂದ ಹೋಗಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ. ಊರಿನ ಹಿತಕ್ಕಾಗಿಯೇ ಮಾಡಿದೆ ಎಂದು ತನಗೂ ಹೇಳಿಕೊಂಡಿದ್ದಳು.

ಎಲ್ಲವನ್ನೂ ಫರ್ಹಾನಾಳಿಗೆ ಹೇಳಿದಳು. "ನನಗೆ ಈಗಲೂ ಆ ಹೊಗೆ ಮೂಗಿಗೆ ಹತ್ತುತ್ತಿದೆ. ಪುರಭವನದಲ್ಲಿ ನಿಂತು ಮಾತಾಡಿದಳಲ್ಲ, ಅವಳ ಮೇಲೆ ಸಿಟ್ಟು ಬರ್ತಿದೆ. ಅವಳಿಗೆ ಏನು ಗೊತ್ತಿತ್ತು?"

"ಒಣ ತೊಟ್ಟಿ?" ಎಂದು ಕೇಳಿದಳು ಫರ್ಹಾನಾ.

ನೀಲಾಂಬಿಕೆ ಕಣ್ಣು ಮುಚ್ಚಿ ನೋಡಿದಳು. "ಅದೂ ಕಾಣ್ತಿದೆ," ಅಂದಳು.

ಎಣಿಕೆಯಲ್ಲಿ ಅವಳು ಗೆದ್ದಳು. ಎಲ್ಲರೂ ನಿರೀಕ್ಷಿಸಿದ್ದ ಅಂತರದ ಕಾಲು ಭಾಗವೂ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಉದ್ಯಾನದಲ್ಲಿ ವಾಕಿಂಗ್ ಮಾಡುವವರ ಗುಂಪೊಂದು ಅವಳನ್ನು ಸುತ್ತುವರಿಯಿತು. ಸಿಹಿ ತಂದಿದ್ದರು.

"ಪುರಭವನದ ಮಾತಿಗೆ ನಾವು ಬೇಜಾರು ಮಾಡಿಕೊಂಡಿಲ್ಲ ಮೇಡಂ," ಎಂದರು ಅವರಲ್ಲಿ ಹಿರಿಯರು. "ತೆರೆ ಎಳೆದಿದ್ದಾಗ ಆಡಿದ್ದು. ಅದನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ತಾರೆ? ಕಾನೂನಿನಲ್ಲೂ ಅದಕ್ಕೆ ಬೆಲೆ ಇಲ್ಲವಂತೆ."

ಅವರು ಹೇಳಿದ್ದು ನಿಜವಿತ್ತು. ಪಾಲಿಕೆಯ ಆಯುಕ್ತರೂ ಅದನ್ನೇ ಹೇಳಿದ್ದರು. ಸುಮ್ಮನೆ ನಕ್ಕು ಒಂದು ಪೇಡ ಬಾಯಿಗೆ ಹಾಕಿಕೊಂಡರೆ ಸಾಕಿತ್ತು. ನೀಲಾಂಬಿಕೆ ಪೇಡವನ್ನು ಕೈಯಲ್ಲೇ ಹಿಡಿದು, "ನಾನು ಆಮೇಲೆ ಬಂದು ಮಾತಾಡ್ತೀನಿ" ಎಂದು ಅಲ್ಲಿಂದ ನೇರವಾಗಿ ಗುಡ್ಡದಾಚೆಗೆ ಹೋದಳು.

ಮಾಬೂಬಿಯ ಕಟ್ಟೆಯ ಮೇಲೆ ಕೂತು ಅವ್ವನ ಕೊನೆಯ ವಾರವನ್ನು ಹೇಳಿದಳು. ಮೊದಲಿನಿಂದ ಕೊನೆಯವರೆಗೆ, ಹಿಂದಿನ ಬಾಗಿಲನ್ನೂ ಸೇರಿಸಿ. ಮಾಬೂಬಿ ಅಡ್ಡ ಮಾತಾಡದೆ ಕೇಳಿದಳು.

"ನಿಮ್ಮವ್ವಗೆ ದಮ್ಮು ಅಂತ ಒಂದು ಮಾತು ಕಳಿಸಿದ್ರೆ ನಾವು ಭಟ್ಟಿ ಆರಿಸ್ತಿದ್ವಿ ಡಾಕ್ಟ್ರಮ್ಮ. ಸೀಜನ್ ಹೋದ್ರೆ ಹೋಗ್ತಿತ್ತು."

"ಗೊತ್ತು ಮಾಬಕ್ಕ. ಅದು ಗೊತ್ತಿದ್ದಕ್ಕೇ ಇನ್ನೂ ಸಿಟ್ಟು ಬಂತೇನೋ. ನಾನು ಕೇಳಲಿಲ್ಲವಲ್ಲ."

ಮಾಬೂಬಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಮಾತು ಸಾಕು. ಭಟ್ಟಿ ಕಟ್ಟಾಕೆ ತಿಂಗಳುಗಟ್ಟಲೆ ಹಿಡೀತದೆ. ಮೊದಲು ಬೆಳಿಗ್ಗೆ ಒಂದು ಬಸ್ ಬಿಡಿಸ್ರಿ."

ಬಸ್ಸು ಅದೇ ವಾರ ಬಂತು. ಉಳಿದದ್ದು ಅಷ್ಟು ಸುಲಭವಾಗಿರಲಿಲ್ಲ. ಪಾಲಿಕೆಯ ಸಭೆಯಲ್ಲಿ ಗಲಾಟೆಯಾಯಿತು. ಅವಳ ಕಡೆಯವರೇ ಇಬ್ಬರು ಎದ್ದು ಹೋದರು. ಉದ್ಯಾನದ ಗೇಟಿನಲ್ಲಿ ಜನ ಧರಣಿ ಕೂತರು. ನೀಲಾಂಬಿಕೆ ಅವರ ಪಕ್ಕದಲ್ಲಿ ಕೂತು, ಪುರಭವನದಲ್ಲಿ ಆಡಿದ್ದು ತಾನೇ ಎಂದು ಮತ್ತೆ ಮತ್ತೆ ಹೇಳಿದಳು. ಕೊನೆಗೆ ಕೆರೆಯ ತೂಬಿನ ಪಕ್ಕದ ಮೂಲೆಯಲ್ಲಿ ಆರು ಭಟ್ಟಿಗಳಿಗೆ ಜಾಗ ಗಟ್ಟಿಯಾಯಿತು.

ಮೊದಲ ಭಟ್ಟಿಯನ್ನು ಪರೀಕ್ಷೆಗೆ ಹಚ್ಚಿದ ದಿನ ವಾಕಿಂಗಿನವರು ಮೂಗಿಗೆ ಕರವಸ್ತ್ರ ಹಿಡಿದು ದೂರದಲ್ಲಿ ನಿಂತರು. ಫರ್ಹಾನಾ ಕೂಡ ಬಂದಿದ್ದಳು. ಭತ್ತದ ಹೊಟ್ಟು ಹೊತ್ತಿಕೊಂಡಿತು, ಹೊಗೆ ತಗಡಿನ ಕೊಳವೆಯೊಳಗೆ ಏರಿತು. ಎಲ್ಲವನ್ನೂ ಅದು ಹೀರಲಿಲ್ಲ. ಒಂದು ತೆಳ್ಳನೆ ಎಳೆ ಹೊರಗೆ ಉಳಿದು ಕೆರೆಯ ಮೇಲೆ ಹೋಯಿತು. ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳತೊಡಗಿತು.

ನೀಲಾಂಬಿಕೆ ಭಟ್ಟಿಯ ಬಾಯಿಯ ಹತ್ತಿರವೇ ನಿಂತಿದ್ದಳು, ಕಾಯಿಲೆಯ ದನದ ಪಕ್ಕ ನಿಂತಂತೆ, ಕದಲದೆ.

"ಅಲ್ಯಾಕೆ ನಿಂತ್ರಿ, ಝಳ ಹೊಡೀತದೆ," ಅಂದಳು ಮಾಬೂಬಿ.

"ಸಿಟ್ಟು ಬರುತ್ತಾ ಅಂತ ನೋಡ್ತಿದ್ದೀನಿ."

"ಬಂತಾ?"

"ಬಂತು. ಸ್ವಲ್ಪ."

"ಬರ್ಲಿ ಬಿಡ್ರಿ," ಎಂದು ಮಾಬೂಬಿ ಉದ್ದನೆಯ ಸಟ್ಟುಗದಿಂದ ಮರಳನ್ನು ಮಗುಚಿದಳು. "ಆ ಪೈಪು ಕಾದೈತೆ. ಈ ಕಡೆ ಬಂದು ನಿಂತ್ಕಳ್ರಿ."

ನೀಲಾಂಬಿಕೆ ಆ ಕಡೆಗೆ ಸರಿದು ನಿಂತಳು.